ಬಚ್ಚಲಿನ ದುರ್ವಾಸನೆಯೂ ಜಲಮುದ್ರೆಯೂ

ಬೇಸಗೆಯ ರಜೆಯಲ್ಲಿ ಮನೆಗೆ ಬೀಗ ಹಾಕಿ, ಮೂರು ನಾಲ್ಕು ವಾರ ಊರಿಗೆ ಹೋಗಿ ಬಂದವರಲ್ಲಿ ಅನೇಕರಿಗೆ ಈ ಅನುಭವ ಆಗಿರುವುದುಂಟು. ಬಾಗಿಲು ತೆರೆದೊಡನೆ ಕೊಳೆತ ಮೊಟ್ಟೆಯಂಥ ನಾತ ಮೂಗಿಗೆ ಬಡಿಯುತ್ತದೆ. ಅದರ ಜಾಡು ಹಿಡಿದು ನಡೆದರೆ ಬಚ್ಚಲುಮನೆಗೆ ಬಂದು ಮುಟ್ಟುತ್ತೇವೆ. ಅಲ್ಲಿಯಾದರೋ ನೆಲ ಒಣಗಿದೆ. ಕೊಳೆಯ ಸುಳಿವೇ ಇಲ್ಲ. ಹೊರಡುವ ದಿನ ತಿಕ್ಕಿ ತೊಳೆದುದು ತೊಳೆದಂತೆಯೇ ಇದೆ. ದಿನವೂ ಹತ್ತಾರು ಸಲ ಬಳಸುವಾಗ ನಾರದಿದ್ದ ಬಚ್ಚಲು ಯಾರೂ ಕಾಲಿಡದಿದ್ದಾಗ ನಾರುವುದೇಕೆ?

ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾದುದು. ಆದರೆ ಇದರ ಉತ್ತರದಲ್ಲಿ ಪ್ರೌಢಶಾಲೆಯ ಭೌತವಿಜ್ಞಾನವಿದೆ, ಒಂದಿಷ್ಟು ರಸಾಯನವಿದೆ, ನಗರಗಳ ಆರೋಗ್ಯದ ಇತಿಹಾಸವೂ ಇದೆ. ಉತ್ತರವನ್ನು ಅರಿಯದೆ ಅನೇಕರು ನಾತವನ್ನು ಮರೆಮಾಡಲು ಹಣ ವ್ಯಯಮಾಡುತ್ತಾರೆ. ಕೆಲವರು ಅಪಾಯವನ್ನೂ ತಂದುಕೊಳ್ಳುತ್ತಾರೆ. ಆದುದರಿಂದ ಇದನ್ನು ಬುಡದಿಂದ ವಿಚಾರಿಸೋಣ.

ನಾತದ ಹುಟ್ಟು

ಬಚ್ಚಲು, ಕಕ್ಕಸು, ಅಡಿಗೆಮನೆಗಳಿಂದ ಹೊರಟ ಕೊಳೆನೀರು ಪಟ್ಟಣದ ಒಳಚರಂಡಿಯನ್ನಾಗಲಿ ಹಿತ್ತಲಿನ ಸೆಪ್ಟಿಕ್ ಟ್ಯಾಂಕನ್ನಾಗಲಿ ಸೇರುತ್ತದೆ. ಅಲ್ಲಿ ಗಾಳಿಯ ಸಂಚಾರ ಕಡಿಮೆ. ನೀರಿನಲ್ಲಿ ಕರಗಿದ್ದ ಅಲ್ಪ ಪ್ರಮಾಣದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬಹುಬೇಗ ಬಳಸಿ ಮುಗಿಸುತ್ತವೆ. ಅನಂತರ ಆಮ್ಲಜನಕದ ಹಂಗಿಲ್ಲದೆ ಬದುಕಬಲ್ಲ ಬೇರೊಂದು ವರ್ಗದ ಬ್ಯಾಕ್ಟೀರಿಯಗಳಿಗೆ ಸುಗ್ಗಿ. ನಾವು ಉಸಿರಾಟಕ್ಕೆ ಆಮ್ಲಜನಕವನ್ನು ಬಳಸುವಂತೆ ಇವು ನೀರಿನಲ್ಲಿರುವ ಸಲ್ಫೇಟ್ ಲವಣಗಳನ್ನು ಬಳಸುತ್ತವೆ. ಇಂಥ ಬ್ಯಾಕ್ಟೀರಿಯಗಳನ್ನು ಹಾಲೆಂಡಿನ ವಿಜ್ಞಾನಿ ಬೈಯರಿಂಕ್ ೧೮೯೫ರಲ್ಲಿ ಗುರುತಿಸಿದನು. ಇವುಗಳ ಬಾಳಿನಿಂದ ಹೊರಬೀಳುವ ಅನಿಲವೇ ಹೈಡ್ರೊಜನ್ ಸಲ್ಫೈಡ್. ಎರಡು ಪರಮಾಣು ಜಲಜನಕವೂ ಒಂದು ಪರಮಾಣು ಗಂಧಕವೂ ಕೂಡಿದ ಸಂಯುಕ್ತ. ಕೊಳೆತ ಮೊಟ್ಟೆಯ ನಾತವೂ ಇದರದೇ. ಇದರೊಡನೆ ಅಮೋನಿಯ, ಗಂಧಕವುಳ್ಳ ಬೇರೆ ಕೆಲವು ದುರ್ಗಂಧದ್ರವ್ಯಗಳು, ಮತ್ತು ವಾಸನೆಯಿಲ್ಲದ ಮೀಥೇನ್, ಇಂಗಾಲದ ಡೈಆಕ್ಸೈಡುಗಳೂ ಚರಂಡಿಯ ಗಾಳಿಯಲ್ಲಿ ಬೆರೆತಿರುತ್ತವೆ.

ಹೈಡ್ರೊಜನ್ ಸಲ್ಫೈಡನ್ನು ಪತ್ತೆಹಚ್ಚುವುದರಲ್ಲಿ ನಮ್ಮ ಮೂಗು ಅತಿ ಚುರುಕು. ಹತ್ತು ಕೋಟಿ ಪಾಲು ಗಾಳಿಯಲ್ಲಿ ಒಂದು ಪಾಲಿದ್ದರೂ ಬಹು ಮಂದಿಗೆ ಅದರ ಅರಿವಾಗುತ್ತದೆ. ಆದರೆ ಈ ಅನಿಲದಲ್ಲಿ ಒಂದು ವಂಚನೆಯೂ ಇದೆ. ಹತ್ತು ಸಾವಿರ ಪಾಲು ಗಾಳಿಗೆ ಒಂದು ಪಾಲಿನಷ್ಟಾದಾಗ ಅದು ಘ್ರಾಣಶಕ್ತಿಯನ್ನೇ ಮಂಕಾಗಿಸುತ್ತದೆ. ವಾಸನೆ ಹೋಯಿತೆಂದು ಭ್ರಮೆಯಾಗುತ್ತದೆ. ಸಾವಿರಕ್ಕೆ ಒಂದು ಪಾಲಿಗೆ ಏರಿದರೆ ಕೆಲವೇ ಉಸಿರುಗಳಲ್ಲಿ ಮನುಷ್ಯ ಕುಸಿದು ಬೀಳುವನು. ಮನೆಯ ಬಚ್ಚಲಿನಲ್ಲಿ ಈ ಪ್ರಮಾಣ ಸಾಮಾನ್ಯವಾಗಿ ಬರುವುದಿಲ್ಲ. ಮುಚ್ಚಿದ ಮ್ಯಾನ್‌ಹೋಲಿನಲ್ಲಿ, ಸೆಪ್ಟಿಕ್ ಟ್ಯಾಂಕಿನಲ್ಲಿ ಬರುತ್ತದೆ. ಈ ಮಾತಿಗೆ ಕೊನೆಯಲ್ಲಿ ಮರಳಿ ಬರೋಣ.

ಗಡಿಯಾರಗಾರನ ಬಾಗು

ಬಚ್ಚಲಿನ ತೂಬಿನಿಂದ ನೀರು ಚರಂಡಿಗೆ ಇಳಿಯುವುದಾದರೆ ಚರಂಡಿಯ ಗಾಳಿ ಅದೇ ದಾರಿಯಲ್ಲಿ ಮೇಲೇರಬಾರದೇಕೆ? ಏರುತ್ತಿತ್ತು. ಹಳೆಯ ಕಾಲದ ಅನುಕೂಲಸ್ಥರ ಮನೆಗಳಲ್ಲಿಯೂ ಇದೊಂದು ತೀರದ ಪೀಡೆಯಾಗಿತ್ತು. ಲಂಡನ್ನಿನಲ್ಲಿ ನೆಲಸಿದ್ದ ಸ್ಕಾಟ್ಲೆಂಡಿನ ಗಡಿಯಾರಗಾರ ಅಲೆಕ್ಸಾಂಡರ್ ಕಮಿಂಗ್ ಎಂಬಾತನು ೧೭೭೫ರಲ್ಲಿ ತನ್ನ ಕಕ್ಕಸಿನ ವಿನ್ಯಾಸಕ್ಕೆ ಪೇಟೆಂಟ್ ಪಡೆದನು. ಅದರಲ್ಲಿ ನೀರು ಹೊರಹೋಗುವ ಕೊಳವೆಯನ್ನು ಅವನು ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿಸಿದ್ದನು. ಮೇಲಿನಿಂದ ಬಂದ ನೀರೆಲ್ಲವೂ ಹರಿದುಹೋದ ಮೇಲೆಯೂ ಕೆಳಬಾಗಿನಲ್ಲಿ ಒಂದಿಷ್ಟು ನೀರು ಉಳಿದುಕೊಳ್ಳುವುದು. ಮುಂದಿನ ಸಲ ನೀರು ಬಂದಾಗ ಹಳೆಯದು ಹೋಗಿ ಹೊಸದು ನಿಲ್ಲುವುದು. ನೀರಿಗೆ ದಾರಿಯುಂಟು, ಗಾಳಿಗೆ ದಾರಿಯಿಲ್ಲ. ಚಲಿಸುವ ಭಾಗವೊಂದೂ ಇಲ್ಲದ ಈ ಕದವನ್ನು ನಾವು ಜಲಮುದ್ರೆ ಎಂದು ಕರೆಯಬಹುದು.

ಇಂದು ಕೈತೊಳೆಯುವ ಬೇಸಿನ್ನಿನ ಕೆಳಗೆ ಕಾಣುವ ಬಾಗು, ಕಕ್ಕಸಿನ ಬಟ್ಟಲಿನಲ್ಲಿ ಸದಾ ನಿಂತಿರುವ ನೀರು, ಬಚ್ಚಲ ನೆಲದ ಜಾಲರಿಯ ಕೆಳಗೆ ಹುದುಗಿರುವ, ಕೊಳಾಯಿ ಕೆಲಸದವರು ‘ನಹಾನಿ ಟ್ರ್ಯಾಪ್’ ಎನ್ನುವ ಬಟ್ಟಲು—ಇವೆಲ್ಲವೂ ಆ ಒಂದೇ ಉಪಾಯದ ರೂಪಾಂತರಗಳು. ಮುದ್ರೆಯ ನೀರಿನ ಆಳ ಸಾಮಾನ್ಯವಾಗಿ ೫೦ ಮಿಲಿಮೀಟರ್, ಅಂದರೆ ಎರಡು ಅಂಗುಲ. ಇಷ್ಟು ಎತ್ತರದ ನೀರಿನ ಕಂಬದ ಒತ್ತಡ ಸುಮಾರು ೪೯೦ ಪಾಸ್ಕಲ್. ವಾಯುಮಂಡಲದ ಒತ್ತಡದ ಇನ್ನೂರನೆಯ ಒಂದು ಪಾಲು ಮಾತ್ರ. ಇಡೀ ಊರಿನ ಚರಂಡಿಗೂ ನಮ್ಮ ಮನೆಗೂ ನಡುವೆ ಇರುವ ಗೋಡೆ ಇಷ್ಟೇ. ಅದು ಎಷ್ಟು ಸರಳವೋ ಅಷ್ಟೇ ಸೂಕ್ಷ್ಮವೂ ಹೌದು.

ಮುದ್ರೆ ಒಡೆಯುವ ಬಗೆಗಳು

ಈಗ ನಮ್ಮ ಮೊದಲ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯಿತು. ನೀರು ಆವಿಯಾಗುತ್ತದೆ. ದಿನಕ್ಕೆ ಎರಡು ಮಿಲಿಮೀಟರ್ ಆರುವುದೆಂದು ಇಟ್ಟುಕೊಂಡರೆ, ೫೦ ಮಿಲಿಮೀಟರಿನ ಮುದ್ರೆ ಇಪ್ಪತ್ತೈದು ದಿನಗಳಲ್ಲಿ ಇಲ್ಲವಾಗುವುದು. ಬಳಸುತ್ತಿದ್ದ ಬಚ್ಚಲಿಗೆ ದಿನವೂ ಹೊಸ ನೀರು ಬರುತ್ತಿತ್ತು. ಬೀಗ ಹಾಕಿದ ಮನೆಯ ಬಚ್ಚಲಿಗೆ ಬರಲಿಲ್ಲ. ಕದ ಆರಿಹೋಯಿತು; ಚರಂಡಿ ಒಳಗೆ ಬಂದಿತು.

ಎರಡನೆಯ ಬಗೆ ಸೈಫನ್ ಎಳೆತ. ಕೊಳವೆಯ ತುಂಬ ನೀರು ಭರದಿಂದ ಇಳಿಯುವಾಗ ಅದು ತನ್ನ ಹಿಂದಿನ ಗಾಳಿಯನ್ನು ಎಳೆಯುತ್ತದೆ, ಮುಂದಿನ ಗಾಳಿಯನ್ನು ಒತ್ತುತ್ತದೆ. ಹಲವು ಅಂತಸ್ತುಗಳ ಕಟ್ಟಡದಲ್ಲಿ ಎಲ್ಲ ಮನೆಗಳಿಗೂ ಒಂದೇ ಇಳಿಗೊಳವೆಯಿದ್ದರೆ ಈ ಎಳೆತವು ಮೇಲಿನವರ ಮುದ್ರೆಯ ನೀರನ್ನು ಹೀರಬಹುದು. ಒತ್ತಡವು ಕೆಳಗಿನವರ ಮುದ್ರೆಯ ಮೂಲಕ ಗಾಳಿಯನ್ನು ನುಗ್ಗಿಸಬಹುದು. ಪಕ್ಕದ ಕಕ್ಕಸಿನಲ್ಲಿ ನೀರು ಬಿಟ್ಟಾಗ ನಮ್ಮ ಬಚ್ಚಲ ತೂಬು ‘ಗುಳುಗುಳು’ ಎಂದರೆ ಅದೇ ಇದರ ಕುರುಹು. ಇದನ್ನು ತಡೆಯಲೆಂದೇ ಕೊಳವೆಗೆ ಒಂದು ಗಾಳಿಗೊಳವೆಯನ್ನು ಜೋಡಿಸಿ ಛಾವಣಿಯಿಂದ ಮೇಲಕ್ಕೆ ಒಯ್ದಿರುತ್ತಾರೆ. ಅದರಿಂದ ಬೇಕಾದಾಗ ಗಾಳಿ ಒಳಬರುವುದು, ದುರ್ಗಂಧ ಆಕಾಶಕ್ಕೆ ಹೋಗುವುದು. ಮನೆಯ ಮೇಲೆ ಮತ್ತೊಂದು ಅಂತಸ್ತು ಕಟ್ಟುವಾಗ ಇದು ಯಾವುದೋ ನಿರುಪಯೋಗಿ ಕೊಳವೆಯೆಂದು ಕತ್ತರಿಸಿ ಬಾಯಿ ಮುಚ್ಚುವವರುಂಟು. ಹಕ್ಕಿ ಗೂಡು ಕಟ್ಟಿದರೂ ಫಲ ಅದೇ.

ಮೂರನೆಯದು ದೀಪದ ಬತ್ತಿಯ ನ್ಯಾಯ. ಬತ್ತಿ ಎಣ್ಣೆಯನ್ನು ಏರಿಸುವಂತೆ, ಬಾಗಿನ ಅಂಚಿನ ಮೇಲೆ ಸಿಕ್ಕಿಕೊಂಡ ಕೂದಲ ಎಳೆಗಳೂ ದಾರದ ತುಂಡುಗಳೂ ಮುದ್ರೆಯ ನೀರನ್ನು ಹನಿಹನಿಯಾಗಿ ಆಚೆಗೆ ಸಾಗಿಸಬಲ್ಲವು.

ನಾಲ್ಕನೆಯದು ನಮ್ಮದೇ ಕೈತಪ್ಪು. ನೆಲದ ಟ್ರ್ಯಾಪಿನಲ್ಲಿ ಬೋರಲು ಹಾಕಿದ ಒಂದು ಚಿಕ್ಕ ಬಟ್ಟಲು ಇರುವುದುಂಟು. ಅದರ ಅಂಚು ನೀರಿನಲ್ಲಿ ಮುಳುಗಿರುವುದರಿಂದಲೇ ಮುದ್ರೆ ಏರ್ಪಡುವುದು. ಕೂದಲು ಸಿಕ್ಕಿ ನೀರು ನಿಧಾನವಾಗಿ ಇಳಿಯತೊಡಗಿದಾಗ ಅನೇಕರು ಆ ಬಟ್ಟಲನ್ನೇ ಕಿತ್ತು ಎಸೆಯುತ್ತಾರೆ. ನೀರು ಸರಾಗವಾಗಿ ಇಳಿಯುತ್ತದೆ. ನಾತವೂ ಅಷ್ಟೇ ಸರಾಗವಾಗಿ ಏರುತ್ತದೆ.

ಮೇಸ್ತ್ರಿಯ ನಳಿಕೆಯಿಂದ ಒಂದು ಪ್ರಯೋಗ

ಸೈಫನ್ನಿನ ವಿಷಯವನ್ನು ಓದಿ ನಂಬುವುದಕ್ಕಿಂತ ಕಣ್ಣಾರೆ ಕಾಣುವುದು ಮೇಲು. ಕಟ್ಟಡದ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ಒಂದೂವರೆ ಮೀಟರಿನಷ್ಟು ತೆಗೆದುಕೊಳ್ಳಿ. ಅದನ್ನು ಒಂದು ಹಲಗೆಯ ಮೇಲೆ ಈ ರೀತಿ ಕಟ್ಟಿ ನಿಲ್ಲಿಸಿ: ಒಂದು ತುದಿಯಿಂದ ನಳಿಕೆ ಕೆಳಗಿಳಿಯಲಿ, ಬಾಗಿ ಅಂಗೈಯಗಲ ಮೇಲೇರಲಿ, ಮತ್ತೆ ಬಾಗಿ ಉದ್ದಕ್ಕೆ ಇಳಿದು ಕೆಳಗಿನ ಬಕೆಟ್ಟಿನ ಮೇಲೆ ತುದಿಗೊಳ್ಳಲಿ. ಇಳಿತುದಿ ನೀರಿನಲ್ಲಿ ಮುಳುಗದೆ ತೆರೆದಿರಬೇಕು.

ಮೊದಲು ಕೆಳಬಾಗು ತುಂಬುವಷ್ಟು ಮಾತ್ರ ನೀರನ್ನು ನಿಧಾನವಾಗಿ ಹೊಯ್ಯಿರಿ. ನೀರು ಅಲ್ಲಿಯೇ ನಿಲ್ಲುವುದು, ಇದೇ ಜಲಮುದ್ರೆ. ಎರಡನೆಯದಾಗಿ, ಆಲಿಕೆಯೊಂದನ್ನು ಇಟ್ಟು ನಳಿಕೆ ಪೂರ್ತಿ ತುಂಬಿ ಹರಿಯುವಂತೆ ಒಮ್ಮೆಲೇ ಸುರಿದು ನಿಲ್ಲಿಸಿ. ಉದ್ದದ ಕಾಲಿನಲ್ಲಿ ಇಳಿಯುವ ನೀರು ಕೆಳಬಾಗಿನ ನೀರನ್ನೂ ತನ್ನೊಡನೆ ಎಳೆದುಕೊಂಡು ಹೋಗುವುದನ್ನು ಕಾಣುವಿರಿ. ಮುದ್ರೆ ಬರಿದಾಯಿತು. ಮೂರನೆಯದಾಗಿ, ಮೇಲುಬಾಗಿನ ನೆತ್ತಿಯಲ್ಲಿ ಮೊಳೆಯಿಂದ ಒಂದು ತೂತು ಮಾಡಿ ಹಾಗೆಯೇ ಸುರಿಯಿರಿ. ಈ ಸಲ ತೂತಿನಿಂದ ಗಾಳಿ ಒಳನುಗ್ಗಿ ಸೈಫನ್ನನ್ನು ಮುರಿಯುವುದು. ಕೆಳಬಾಗಿನಲ್ಲಿ ನೀರು ಉಳಿಯುವುದು. ಛಾವಣಿಯ ಮೇಲಿನ ಗಾಳಿಗೊಳವೆ ಮಾಡುವ ಕೆಲಸ ಆ ತೂತಿನದೇ.

ವಾಸನೆಯೂ ರೋಗವೂ

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ವೈದ್ಯರಲ್ಲಿ ಬಹು ಮಂದಿ ದುರ್ಗಂಧವೇ ರೋಗಕಾರಣವೆಂದು ನಂಬಿದ್ದರು. ೧೮೫೪ರಲ್ಲಿ ಜಾನ್ ಸ್ನೋ ಎಂಬ ವೈದ್ಯನು ಲಂಡನ್ನಿನ ಬ್ರಾಡ್ ಬೀದಿಯ ಕೈಪಂಪಿನ ನೀರೇ ಅಲ್ಲಿಯ ಕಾಲರಾಕ್ಕೆ ಕಾರಣವೆಂದು ತೋರಿಸಿದಾಗಲೂ ಆ ನಂಬಿಕೆ ಸಡಿಲವಾಗಲಿಲ್ಲ. ೧೮೫೮ರ ಬೇಸಗೆಯಲ್ಲಿ ಥೇಮ್ಸ್ ನದಿ ಕೊಳೆತು ನಾರಿದ ಪರಿಗೆ ದಡದ ಮೇಲಿದ್ದ ಪಾರ್ಲಿಮೆಂಟು ಬೆಚ್ಚಿಬಿದ್ದಿತು. ಜೋಸೆಫ್ ಬಜಾಲ್ಜೆಟ್ ಎಂಬ ಎಂಜಿನಿಯರನಿಗೆ ಬೃಹತ್ ಒಳಚರಂಡಿಗಳನ್ನು ಕಟ್ಟುವ ಅವಕಾಶ ಒದಗಿತು. ಕಾರಣ ತಪ್ಪು, ಕಾರ್ಯ ಸರಿ: ನಾತವನ್ನು ನೀಗಲು ಹೊರಟವರು ಕುಡಿಯುವ ನೀರನ್ನು ಕೊಳಚೆಯಿಂದ ಬೇರ್ಪಡಿಸಿದರು, ಕಾಲರಾ ಇಳಿಯಿತು. ೧೮೮೩–೮೪ರಲ್ಲಿ ರಾಬರ್ಟ್ ಕೋಖ್ ಈಜಿಪ್ತಿನಲ್ಲಿಯೂ ಅನಂತರ ಕಲ್ಕತ್ತೆಯಲ್ಲಿಯೂ ಕಾಲರಾದ ಬ್ಯಾಕ್ಟೀರಿಯವನ್ನು ಗುರುತಿಸಿದ ಮೇಲೆ ವಾಸನೆಯ ವಾದ ಕ್ರಮೇಣ ಅಳಿಯಿತು. ಚರಂಡಿಯ ನಾತ ಬರಿಯ ಅಸಹ್ಯವೇ ಹೊರತು ರೋಗವಲ್ಲವೆಂಬ ಭಾವನೆ ಬೆಳೆಯಿತು.

ಈ ಭಾವನೆಗೂ ಒಂದು ತಿದ್ದುಪಡಿ ಬೇಕೆಂದು ೨೦೦೩ರಲ್ಲಿ ತಿಳಿದುಬಂದಿತು. ಆ ವರ್ಷದ ಮಾರ್ಚಿಯಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ಬಹುಮಹಡಿ ವಸತಿಗೆ, ಸಾರ್ಸ್ ರೋಗ ತಗಲಿದ್ದ ಒಬ್ಬ ವ್ಯಕ್ತಿ ನೆಂಟನಾಗಿ ಬಂದು ಅಲ್ಲಿಯ ಕಕ್ಕಸನ್ನು ಬಳಸಿದನು. ಅವನಿಗೆ ಭೇದಿಯೂ ಇತ್ತು. ಏಪ್ರಿಲ್ ಮಧ್ಯದ ವೇಳೆಗೆ ಅದೇ ವಸತಿಯ ೩೦೦ಕ್ಕೂ ಹೆಚ್ಚು ಮಂದಿಗೆ ಸಾರ್ಸ್ ತಗಲಿತ್ತು. ಅವರಲ್ಲಿ ಹಲವರು ತೀರಿಕೊಂಡರು. ಒಬ್ಬರ ಮುಖವನ್ನೊಬ್ಬರು ಕಾಣದ, ಬೇರೆ ಬೇರೆ ಮಹಡಿಗಳ ಜನರಿಗೆ ರೋಗ ಹರಡಿದುದು ಹೇಗೆ? ತನಿಖೆಗಾರರ ಕಣ್ಣು ಬಚ್ಚಲ ನೆಲದ ತೂಬುಗಳ ಮೇಲೆ ಬಿತ್ತು. ಅಲ್ಲಿಯವರು ನೆಲಕ್ಕೆ ನೀರು ಸುರಿದು ತೊಳೆಯುವ ಬದಲು ಒದ್ದೆ ಬಟ್ಟೆಯಿಂದ ಒರಸುತ್ತಿದ್ದುದರಿಂದ ಅನೇಕ ತೂಬುಗಳ ಜಲಮುದ್ರೆ ಆರಿಹೋಗಿತ್ತು. ಬಾಗಿಲು ಮುಚ್ಚಿ ಗಾಳಿ ಹೊರದೂಡುವ ಫ್ಯಾನು ಹಾಕಿದಾಗ ಬಚ್ಚಲಿನ ಒತ್ತಡ ಕುಗ್ಗಿ, ಇಳಿಗೊಳವೆಯ ಗಾಳಿಯೂ ಅದರೊಡನೆ ವೈರಸ್ಸುಳ್ಳ ಸೂಕ್ಷ್ಮ ಹನಿಗಳೂ ಒಳಕ್ಕೆ ಸೆಳೆಯಲ್ಪಟ್ಟಿರಬೇಕೆಂದು ಅವರು ತೀರ್ಮಾನಿಸಿದರು.

ನಾತವು ರೋಗವಲ್ಲ, ನಿಜ. ಆದರೆ ಬಾಗಿಲು ತೆರೆದಿದೆಯೆಂದು ಕೂಗುವ ಕಾವಲುಗಾರ ಅದು. ಕೂಗುವವನ ಬಾಯಿ ಮುಚ್ಚಿಸಿದರೆ ಬಾಗಿಲು ಮುಚ್ಚಿದಂತಾಗುವುದಿಲ್ಲ.

ಮೂಲವನ್ನು ಹುಡುಕುವ ಕ್ರಮ

ಹಾಗಾದರೆ ನಮ್ಮ ಮನೆಯ ಬಚ್ಚಲಿನಲ್ಲಿ ನಾತ ಬಂದಾಗ ಏನು ಮಾಡಬೇಕು? ಸುಲಭದಿಂದ ಕಠಿನಕ್ಕೆ ಹೋಗುವುದು ಒಳ್ಳೆಯ ಕ್ರಮ.

ಮೊದಲನೆಯದಾಗಿ, ಮನೆಯಲ್ಲಿರುವ ಪ್ರತಿಯೊಂದು ತೂಬಿಗೂ ಒಂದೊಂದು ಚೊಂಬು ನೀರು ಹಾಕಬೇಕು. ಯಾರೂ ಬಳಸದ ಅತಿಥಿಗಳ ಬಚ್ಚಲು, ಬಟ್ಟೆ ಒಗೆಯುವ ಯಂತ್ರದ ಬಳಿಯ ತೂಬು, ಮೂಲೆಯ ಬೇಸಿನ್ನು, ಯಾವುದನ್ನೂ ಬಿಡಬಾರದು. ಕಿಟಕಿ ತೆರೆದು ಅರ್ಧ ಗಂಟೆ ಕಾಯಬೇಕು. ನಾತ ಹೋದರೆ ರೋಗವೂ ತಿಳಿಯಿತು, ಮದ್ದೂ ತಿಳಿಯಿತು. ಇನ್ನು ಮುಂದೆ ವಾರಕ್ಕೊಮ್ಮೆ ನೀರು ಹಾಕುತ್ತಿದ್ದರೆ ಸಾಕು. ಬಹು ದಿನ ಊರಿಗೆ ಹೋಗುವಾಗ ತೂಬಿಗೆ ನೀರು ಹಾಕಿದ ಮೇಲೆ ಒಂದೆರಡು ಚಮಚ ಎಣ್ಣೆ ಬಿಡುವುದು ಒಳ್ಳೆಯದು. ಎಣ್ಣೆ ತೇಲಿ ಪೊರೆಯಾಗಿ ನೀರು ಆರುವುದನ್ನು ನಿಧಾನಗೊಳಿಸುತ್ತದೆ.

ಎರಡನೆಯದಾಗಿ, ನೀರು ಹಾಕಿದರೂ ಮರುದಿನವೇ ನಾತ ಮರಳಿದರೆ ಮುದ್ರೆ ನಿಲ್ಲುತ್ತಿಲ್ಲವೆಂದು ಊಹಿಸಬಹುದು. ರಾತ್ರಿ ಜಾಲರಿ ತೆಗೆದು ಒಣ ಕಡ್ಡಿಯೊಂದನ್ನು ಅದ್ದಿ ನೀರಿನ ಆಳವನ್ನು ಗುರುತು ಮಾಡಬೇಕು; ಬೆಳಗ್ಗೆ ಮತ್ತೆ ಅದ್ದಿ ನೋಡಬೇಕು. ಒಂದೇ ರಾತ್ರಿಯಲ್ಲಿ ಮಟ್ಟ ಇಳಿದಿದ್ದರೆ ಅದು ಆವಿಯ ಕೆಲಸವಲ್ಲ. ಕೂದಲ ಬತ್ತಿ, ಬಿರುಕು ಬಿಟ್ಟ ಟ್ರ್ಯಾಪು, ಅಥವಾ ಸೈಫನ್ ಎಳೆತ, ಇವುಗಳಲ್ಲಿ ಒಂದಿರಬೇಕು. ಕೂದಲನ್ನು ತೆಗೆದು ನೋಡಬೇಕು. ಗುಳುಗುಳು ಶಬ್ದವಿದ್ದರೆ ಗಾಳಿಗೊಳವೆ ಕಟ್ಟಿದೆಯೇ ಎಂದು ಕೊಳಾಯಿ ಕೆಲಸದವರಿಂದ ಪರೀಕ್ಷೆ ಮಾಡಿಸಬೇಕು.

ಮೂರನೆಯದಾಗಿ, ನೀರಿನ ಮಟ್ಟ ಸರಿಯಾಗಿದ್ದೂ ನಾತವಿದ್ದರೆ ಅದು ಮುದ್ರೆಯಿಂದ ಈಚೆಗೇ ಹುಟ್ಟುತ್ತಿರಬಹುದು. ಸೋಪಿನ ಜಿಡ್ಡು, ಕೂದಲು, ಮೈಯ ಕೊಳೆ ಸೇರಿ ಟ್ರ್ಯಾಪಿನ ಒಳಗೋಡೆಗೆ ಲೋಳೆಯಾಗಿ ಅಂಟಿಕೊಳ್ಳುತ್ತವೆ. ಅದರ ಒಳಪದರದಲ್ಲಿ ಆಮ್ಲಜನಕವಿಲ್ಲದ್ದರಿಂದ ಅಲ್ಲಿಯೇ ಚಿಕ್ಕದೊಂದು ಚರಂಡಿ ಏರ್ಪಡುತ್ತದೆ. ಇದಕ್ಕೆ ಕೈಕೆಲಸವೇ ಮದ್ದು. ರಬ್ಬರು ಕೈಗವಸು ತೊಟ್ಟು, ಜಾಲರಿಯನ್ನೂ ಬೋರಲು ಬಟ್ಟಲನ್ನೂ ತೆಗೆದು, ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಿಂದ ಬ್ರಷ್ಷು ಹಾಕಿ ತಿಕ್ಕಬೇಕು. ಪ್ಲಾಸ್ಟಿಕ್ ಕೊಳವೆಯಾದರೆ ಕುದಿಯುವ ನೀರು ಬೇಡ. ತೊಳೆದ ಬಟ್ಟಲನ್ನು ಮರೆಯದೆ ಮತ್ತೆ ಅದರ ಸ್ಥಾನದಲ್ಲಿಡಬೇಕು.

ನಾಲ್ಕನೆಯದು ಸಂದುಗಳು. ಬೇಸಿನ್ನಿನಿಂದ ಇಳಿಯುವ ಸುರುಳಿ ಕೊಳವೆಯನ್ನು ಬಾಗಿಲ್ಲದೆ ನೇರವಾಗಿ ನೆಲದ ತೂತಿಗೆ ತುರುಕಿರುವುದನ್ನು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಅದರ ಸುತ್ತಲಿನ ಸಂದನ್ನು ರಬ್ಬರು ಬಿರಡೆಯಿಂದ ಮುಚ್ಚಿ, ಬೇಸಿನ್ನಿನ ಕೆಳಗೆ ಬಾಗುಳ್ಳ ಟ್ರ್ಯಾಪನ್ನು ಹಾಕಿಸಬೇಕು. ಕಕ್ಕಸಿನ ಬಟ್ಟಲು ನೆಲಕ್ಕೆ ಕೂಡುವ ಕಡೆಯೂ ಬಿರುಕಿರಬಹುದು. ಹಿಂದಿನ ಕಾಲದ ಕೊಳಾಯಿ ಕೆಲಸದವರು ಇಂಥ ಗುಪ್ತ ಬಿರುಕುಗಳನ್ನು ಹಿಡಿಯಲು ಒಂದು ಚತುರ ಉಪಾಯ ಮಾಡುತ್ತಿದ್ದರು. ಒಬ್ಬನು ಛಾವಣಿಯ ಮೇಲಿನಿಂದ ಕೊಳವೆಯೊಳಕ್ಕೆ ಪೆಪ್ಪರ್‌ಮಿಂಟ್ ಎಣ್ಣೆಯನ್ನೂ ಬಿಸಿನೀರನ್ನೂ ಸುರಿಯುವನು. ಇನ್ನೊಬ್ಬನು ಮನೆಯೊಳಗೆ ಎಲ್ಲಿ ಪೆಪ್ಪರ್‌ಮಿಂಟಿನ ಪರಿಮಳ ಬರುವುದೆಂದು ಮೂಸುತ್ತ ನಡೆಯುವನು. ಸುರಿದವನು ಮಾತ್ರ ಕೆಲಸ ಮುಗಿಯುವವರೆಗೆ ಮನೆಯೊಳಕ್ಕೆ ಬರಕೂಡದು. ಅವನ ಕೈಯೇ ಪರಿಮಳವನ್ನು ತಂದು ಪರೀಕ್ಷೆಯನ್ನು ಕೆಡಿಸುತ್ತಿತ್ತು!

ಮಾಡಬಾರದ ಕೆಲಸಗಳು

ನುಸಿಗುಳಿಗೆ, ಊದುಬತ್ತಿ, ಸುಗಂಧದ ಸಿಂಪಡಿಕೆ—ಇವು ಯಾವುವೂ ಹೈಡ್ರೊಜನ್ ಸಲ್ಫೈಡನ್ನು ತಡೆಯುವುದಿಲ್ಲ; ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತವೆ, ಅಷ್ಟೆ. ಅಡಿಗೆ ಸೋಡಾಕ್ಕೆ ವಿನಿಗರ್ ಹೊಯ್ದರೆ ನೊರೆ ಉಕ್ಕುವುದು ನೋಡಲು ಚೆನ್ನ. ಆದರೆ ಕ್ಷಾರವೂ ಆಮ್ಲವೂ ಒಂದನ್ನೊಂದು ಶಮನಗೊಳಿಸುವುದರಿಂದ ಕೊಳೆಯ ಮೇಲೆ ಕೆಲಸಮಾಡಲು ಉಳಿಯುವುದು ಅಲ್ಪ.

ಇವು ನಿಷ್ಫಲ ಮಾತ್ರ, ಮುಂದಿನದು ಅಪಾಯಕರ. ಕಕ್ಕಸು ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಕೂಡಿಸಬಾರದು. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, ೧೯೧೫ರಲ್ಲಿ, ಸೈನಿಕರನ್ನು ಕೊಲ್ಲಲು ಬಳಸಿದ ಅನಿಲವೇ ಇದು. ಬಾಗಿಲು ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಇದು ಶ್ವಾಸಕೋಶವನ್ನು ಸುಡಬಲ್ಲದು. ಕಪ್ಪು ಲೋಳೆ ಕಟ್ಟಿದ ತೂಬಿಗೆ ಬರಿಯ ಆಸಿಡ್ ಹೊಯ್ದರೂ ಲೋಳೆಯಲ್ಲಿರುವ ಸಲ್ಫೈಡುಗಳಿಂದ ಹೈಡ್ರೊಜನ್ ಸಲ್ಫೈಡ್ ಬಿಡುಗಡೆಯಾಗಿ ನಾತ ಇಮ್ಮಡಿಸುತ್ತದೆ. ಮೀಥೇನ್ ಹೊತ್ತಿಕೊಳ್ಳುವ ಅನಿಲವಾದುದರಿಂದ ಚೇಂಬರಿನ ಮುಚ್ಚಳ ತೆರೆದು ಬೆಂಕಿಕಡ್ಡಿ ಗೀರಿ ಇಣುಕುವುದೂ ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕೊನೆಗೆ ಹೇಳಬೇಕಾಗಿದೆ. ಮೇಲಿನ ಉಪಾಯಗಳಿಂದ ಫಲ ಕಾಣದಿದ್ದರೆ ಚೇಂಬರಾಗಲಿ ಸೆಪ್ಟಿಕ್ ಟ್ಯಾಂಕಾಗಲಿ ಕಟ್ಟಿರಬಹುದು. ಆಗ ಕೆಲವರು ಕೂಲಿಗೆ ಯಾರನ್ನಾದರೂ ಕರೆದು ಗುಂಡಿಗೆ ಇಳಿಸುತ್ತಾರೆ. ಆರಂಭದಲ್ಲಿ ಹೇಳಿದ ವಂಚನೆ ಅಲ್ಲಿ ಕಾದಿರುತ್ತದೆ. ಇಳಿದವನಿಗೆ ವಾಸನೆ ತಿಳಿಯುವುದು ನಿಲ್ಲುತ್ತದೆ, ಅನಂತರ ಉಸಿರು ನಿಲ್ಲುತ್ತದೆ. ಅವನನ್ನು ಎತ್ತಲು ಇಳಿದ ಜೊತೆಗಾರನ ಗತಿಯೂ ಅದೇ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರಿಂದ ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳನ್ನು ಶುಚಿಮಾಡಿಸುವುದನ್ನು ೨೦೧೩ರ ಕೇಂದ್ರ ಶಾಸನ ನಿಷೇಧಿಸಿದೆ. ಹೀಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯ ೨೦೨೩ರ ಅಕ್ಟೋಬರಿನಲ್ಲಿ ೩೦ ಲಕ್ಷ ರೂಪಾಯಿಗೆ ಏರಿಸಿತು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರಿಗೆ ೨೦೧೬ರ ಮ್ಯಾಗ್ಸೆಸೆ ಪ್ರಶಸ್ತಿ ಬಂದುದು ಈ ಅನಿಷ್ಟ ಪದ್ಧತಿಯ ವಿರುದ್ಧ ನಡೆಸಿದ ಹೋರಾಟಕ್ಕಾಗಿ. ಹೀರುವ ಯಂತ್ರದ ವಾಹನಗಳು ಇರುವಾಗ ನಮ್ಮ ಬಚ್ಚಲಿನ ನಾತ ಕಳೆಯಲು ಇನ್ನೊಬ್ಬನ ಪ್ರಾಣವನ್ನು ಒಡ್ಡಲು ನಮಗೆ ಅಧಿಕಾರವಿಲ್ಲ.

ಕಮಿಂಗನ ಬಾಗಿಗೆ ಎರಡು ಶತಮಾನಗಳು ಕಳೆದು ಅರ್ಧ ಶತಮಾನವಾಯಿತು. ಆತ ಬೇಡಿದ ಕಾವಲು ಬಹಳವಿಲ್ಲ. ಎರಡು ಅಂಗುಲ ನೀರು. ಮುಂದಿನ ಸಲ ರಜೆ ಮುಗಿಸಿ ಮನೆಯ ಬೀಗ ತೆರೆದಾಗ ನಾತ ಬಂದರೆ, ಊದುಬತ್ತಿ ಹುಡುಕುವ ಮೊದಲು ಒಂದು ಚೊಂಬು ನೀರು ತೆಗೆದುಕೊಂಡು ಬಚ್ಚಲಿಗೆ ನಡೆಯೋಣ.